ಹಡಗು ನಿಲ್ಲಿಸಿದರಾ?

ಲಿವರ್‌ಪೂಲ್ ಬಂದರಿನ ಪಕ್ಕದ ಬೂಟಲ್‌ನ ನಮ್ಮ ಬೀದಿಯಲ್ಲಿ ಗಂಡಸರು ಸಾಯುತ್ತಿದ್ದುದು ಹೆಚ್ಚಾಗಿ ಸಮುದ್ರದ ಮೇಲೆ. ಯಾರಾದರೂ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತರೆ ಒಳಗಿನ ಹೆಂಗಸಿಗೆ ಗೊತ್ತಾಗುತ್ತಿತ್ತು. ಹೇಗೆ ಸತ್ತ, ನೋವಾಯಿತೇ, ಕೊನೆಗೆ ಏನಂದ ಎಂಬುದೆಲ್ಲ ಆಮೇಲೆ. ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಹಡಗು ನಿಲ್ಲಿಸಿದರಾ?

ಹೂಳಲು ಮಣ್ಣಿಲ್ಲ, ನೆಡಲು ಶಿಲುಬೆಯಿಲ್ಲ, ಕಂತುಕಂತಾಗಿ ಅತ್ತು ಬರಲು ಒಂದು ಗೋರಿಯಿಲ್ಲ. ಹೆಣವನ್ನು ನೀರಿಗೆ ಬಿಡುವ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಿ, ಕ್ಯಾಪ್ಟನ್ ಟೋಪಿ ತೆಗೆದು ಪ್ರಾರ್ಥನೆ ಓದಿದನೆಂದರೆ ಸತ್ತವನು ಮನುಷ್ಯನಾಗಿ ಸತ್ತ ಎಂದು ಲೆಕ್ಕ. ನಿಲ್ಲಿಸಲಿಲ್ಲವೆಂದರೆ ಅಡುಗೆಮನೆಯ ಕಸದ ಹಾಗೆ ಹೋದ. ನಮ್ಮ ಮರ್ಯಾದೆಯೆಲ್ಲ ಆ ನಿಲುಗಡೆಯಲ್ಲಿತ್ತು.

ನನ್ನ ತಂದೆ ಫೆಲಿಮ್ ಟಿಯರ್ನಿ ಸೆಲ್ವಿನ್ ಲೈನ್‌ನ ಆರ್ಡೆನ್ ಹಡಗಿನಲ್ಲಿ ಬೆಂಕಿಯಾಳು. ತಳದ ಕುಲುಮೆಗಳಿಗೆ ಕಲ್ಲಿದ್ದಲು ಎಸೆಯುವುದು ಅವನ ಕೆಲಸ. ನನಗೆ ಆರು ವರ್ಷವಾಗಿದ್ದಾಗ, ಆರ್ಡೆನ್ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಮುರಿದ ಯಾನದಲ್ಲಿ, ಕುಲುಮೆಯ ಬಾಯಿಯ ಮುಂದೆ ಬಿದ್ದು ಸತ್ತ. ಸುದ್ದಿ ತಂದವನು ಅವನ ಪಾಳಿಯ ಜೊತೆಗಾರ ಕಾನ್ ಹೆಫರ್ನನ್. ನನ್ನಮ್ಮ ಹನೋರಾ ಕೇಳಬೇಕಾದ್ದನ್ನು ಕೇಳಿದಳು. ಕಾನ್ ನೆಲ ನೋಡಿಕೊಂಡು, ನಿಲ್ಲಿಸಿದರು, ಕ್ಯಾಪ್ಟನ್ನೇ ಕೆಳಗಿಳಿದು ಬಂದು ಓದಿದರು, ಮೇಲಿನ ದರ್ಜೆಯ ಹೆಂಗಸರೂ ಹಡಗಿನ ಅಂಚಿನ ಕಟಕಟೆಗೆ ಬಂದು ನಿಂತು ಕಣ್ಣೊರೆಸಿಕೊಂಡರು ಎಂದ.

ಆ ಮಾತಿನ ಮೇಲೆ ಅಮ್ಮ ನಲವತ್ತಾರು ವರ್ಷ ಬದುಕಿದಳು. ದುಃಖವಿರಲಿಲ್ಲ ಎಂದಲ್ಲ, ದುಃಖಕ್ಕಿಂತ ಜಂಬ ಒಂದು ಕೈ ಹೆಚ್ಚಾಗಿತ್ತು. ಆರ್ಡೆನ್ ದಾಖಲೆ ಮುರಿದದ್ದು ಇಡೀ ಲಿವರ್‌ಪೂಲ್‌ಗೆ ಗೊತ್ತಿತ್ತು. ಆದರೆ ಅವಳಿಗೆ ಅದಕ್ಕಿಂತ ದೊಡ್ಡ ಸಂಗತಿ ಗೊತ್ತಿತ್ತು. "ನಮ್ ಫೆಲಿಮ್‌ಗೋಸ್ಕರ ನಿಂತು, ಆಮೇಲೂ ಗೆದ್ದಿತಲ್ಲ, ಅದು ಹಡಗು ಅಂದ್ರೆ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲೇ ಆರ್ಡೆನ್‌ನ ಬಣ್ಣದ ಪಟ. ಬಂದರಿನಲ್ಲಿ ಮುಷ್ಕರವಾದಾಗ ಬೀದಿಯೆಲ್ಲ ಕಂಪನಿಯ ಜನ್ಮ ಜಾಲಾಡುತ್ತಿದ್ದರೆ ಇವಳೊಬ್ಬಳು ಕಂಪನಿಯ ಪರ. ಯಾರಾದರೂ ಎದುರು ಮಾತಾಡಿದರೆ, ನಿನಗಾಗಿ ಯಾವ ಹಡಗು ನಿಂತಿದೆ ಹೇಳು ನೋಡೋಣ ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನ್ನನ್ನೂ ಅದೇ ಕಂಪನಿಗೆ ಪರಿಚಾರಕಿಯಾಗಿ ಸೇರಿಸಿದಳು. ಮೂವತ್ತು ವರ್ಷ ನಾನು ಸೆಲ್ವಿನ್ ಲೈನ್‌ನ ಹೆಂಗಸರಿಗೆ ಹಾಸಿಗೆ ಹಾಸಿ, ವಾಂತಿ ಬಳಿದು, ಬೆಳಗಿನ ಚಹಾ ಕೊಟ್ಟೆ. ನನಗೂ ಯಾರೂ ನಿಜ ಹೇಳಿರಲಿಲ್ಲ. ಬೆಂಕಿಯಾಳುಗಳು ಕುಡಿದರೆ ಏನನ್ನು ಬೇಕಾದರೂ ಒದರುವ ಜಾತಿ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮೆದುರು ಕಲ್ಲಿನ ಹಾಗೆ ಬಾಯಿ ಬಿಗಿದುಕೊಂಡಿದ್ದರು.

ಸೆಲ್ವಿನ್ ಲೈನ್‌ನ ಚರಿತ್ರೆಯನ್ನು ಅವರು ಚರ್ಮದ ರಟ್ಟು ಹೊದಿಸಿ ಅಚ್ಚು ಹಾಕಿಸಿದ್ದಾರೆ. ನನ್ನದು ಅಷ್ಟು ದಪ್ಪವಿಲ್ಲ. ಮೊದಲನೇ ಸೆಲ್ವಿನ್ ಮರದ ವ್ಯಾಪಾರಿ. ಕೆನಡಾದಿಂದ ಮರ ತರಲು ಹೋಗುವ ಹಡಗು ಹೋಗುವಾಗ ಖಾಲಿ. ಖಾಲಿ ಹಡಗು ಹೊಯ್ದಾಡುತ್ತದೆಂದು ಹೊಟ್ಟೆಗೆ ಕಲ್ಲು ತುಂಬಬೇಕು. ಅದೇ ಕಾಲಕ್ಕೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಜನ ಎದ್ದುಬಿದ್ದು ಓಡಿಬರುತ್ತಿದ್ದರು. ಕಲ್ಲಿಗಾದರೆ ನಾವು ಕಾಸು ಕೊಡಬೇಕು, ಇವರು ತಾವೇ ಕಾಸು ಕೊಟ್ಟು ತುಂಬಿಕೊಳ್ಳುತ್ತಾರೆ ಎಂದು ಆ ಪುಣ್ಯಾತ್ಮನಿಗೆ ಹೊಳೆಯಿತು. ಹೋಗುವಾಗ ಮನುಷ್ಯರು, ಬರುವಾಗ ಮರ. ಮರಕ್ಕೆ ಹೆಚ್ಚು ಜಾಗ. ಪ್ರಯಾಣಿಕರ ಸೇವೆ ಹುಟ್ಟಿದ್ದು ಹೀಗೆ. ಆ ಮರದ ನೆನಪಿಗೆ ಹಡಗುಗಳಿಗೆಲ್ಲ ಇಂಗ್ಲೆಂಡಿನ ಕಾಡುಗಳ ಹೆಸರು: ಡೀನ್, ಆರ್ಡೆನ್, ಬೋಲಂಡ್. ಹೆಸರು ತಂಪಾದ ಕಾಡಿನದು, ಒಳಗೆ ನಮ್ಮಪ್ಪಂದಿರು ಬೇಯುತ್ತಿದ್ದರು. ಎರಡನೇ ಸೆಲ್ವಿನ್ ಆವಿ ಹಡಗು ಕಟ್ಟಿ, ಮೇಲೆ ತಾಳೆಗಿಡ, ಪಿಯಾನೊ ಇಟ್ಟ. ಮೂರನೆಯವನಿಗೆ ವೇಗದ ಹುಚ್ಚು. ನಾಲ್ಕನೆಯವನು ಸರ್ ಲಯನೆಲ್. ಇವನ ಕಾಲಕ್ಕೆ ಜನ ವಿಮಾನ ಹತ್ತತೊಡಗಿದರು, ಹಡಗುಗಳು ಒಂದೊಂದಾಗಿ ಗುಜರಿಗೆ ಹೋದವು, ಕೊನೆಗೆ ಬೋಲಂಡ್ ಒಂದೇ ಉಳಿಯಿತು.

ಐವತ್ತೇಳರ ಶರತ್ಕಾಲದಲ್ಲಿ ಬೋಲಂಡ್‌ನ ಕೊನೆಯ ಯಾನವೆಂದು ನಿಶ್ಚಯವಾಯಿತು. ಅದಕ್ಕೆ ಮುಂಚೆ ಹಡಗು ಮರ್ಸಿ ನದಿಯಲ್ಲಿ ಕಟ್ಟಿ ನಿಂತಿದ್ದಾಗ ಅದರ ಮೊದಲ ದರ್ಜೆಯ ಊಟದ ಕೋಣೆಯಲ್ಲಿ ಬೀಳ್ಕೊಡುಗೆಯ ಔತಣ. ಪತ್ರಿಕೆಯವರಿಗೆ ತೋರಿಸಲು ಹಳೆಯ ನೌಕರರೂ ವಿಧವೆಯರೂ ಒಂದಷ್ಟು ಬೇಕಿತ್ತು. ಅಮ್ಮನಿಗೂ ಕರೆ ಬಂತು. ಎಪ್ಪತ್ತನಾಲ್ಕರ ಮುದುಕಿ ಮದುವೆಗೆ ಹೊರಟವಳಂತೆ ಸಿದ್ಧವಾದಳು. ನಮ್ಮನ್ನು ಅಡುಗೆಮನೆಯ ಬಾಗಿಲ ಹತ್ತಿರದ ಮೇಜಿಗೆ ಕೂರಿಸಿದರು. ಅದೇ ಮೇಜಿನಲ್ಲಿ ಬೋಲಂಡ್‌ನ ಮುಖ್ಯ ಎಂಜಿನಿಯರ್ ಆಲ್ಬಿ ರಿಮ್ಮರ್, ನಮ್ಮ ಬೂಟಲ್‌ನವನೇ. ತೋಳಿನ ಮೇಲೆ ಬಂಗಾರದ ಪಟ್ಟಿ ಇದ್ದರೂ ಎಂಜಿನಿಯರುಗಳೆಂದರೆ ಕಂಪನಿಗೆ ಎಣ್ಣೆಯ ವಾಸನೆಯ ಜನ.

ಸರ್ ಲಯನೆಲ್ ಎದ್ದು ಗಾಜಿನ ಲೋಟ ತಟ್ಟಿ ಭಾಷಣ ಶುರುಮಾಡಿದ. ಆರ್ಡೆನ್ ಎಂಬ ಹೆಸರು ಬಂದದ್ದೇ ಅಮ್ಮ ನನ್ನ ಮೊಣಕೈ ಹಿಡಿದಳು.

"ಈಗ ನಿಮ್ಮಪ್ಪನ ವಿಷ್ಯ ಬರತ್ತೆ ನೋಡು" ಎಂದು ಪಿಸುಗುಟ್ಟಿದಳು.

ಬಂತು. ತನ್ನ ತಂದೆ ಆ ಯಾನದಲ್ಲಿ ಕ್ಯಾಪ್ಟನ್ ಪಕ್ಕದಲ್ಲಿ ಗಡಿಯಾರ ಹಿಡಿದುಕೊಂಡೇ ನಿಂತಿದ್ದರೆಂದು ಸರ್ ಲಯನೆಲ್ ಹೇಳಿದ. ಮರ್ಸಿ ಬಿಟ್ಟಲ್ಲಿಂದ ನ್ಯೂಯಾರ್ಕ್ ಕಾಣುವವರೆಗೆ ಆರ್ಡೆನ್‌ನ ಎಂಜಿನ್ ಒಂದು ಸಲವೂ ನಿಲ್ಲಲಿಲ್ಲ, ಒಂದು ಉಸಿರಿನಷ್ಟೂ ನಿಧಾನವಾಗಲಿಲ್ಲ. ಅದೇ ಸೆಲ್ವಿನ್ ಲೈನ್‌ನ ಗುಣ, ಅದೇ ನಮ್ಮ ಚರಿತ್ರೆ ಎಂದ.

ಅಮ್ಮ ಎದ್ದು ನಿಂತಳು. ನಾನು ಅವಳ ಕೋಟಿನ ಅಂಚು ಎಳೆದೆ, ಕೂರಲಿಲ್ಲ. ಜಗಳದ ದನಿಯಲ್ಲ, ಹುಡುಗ ಲೆಕ್ಕ ತಪ್ಪಿದ್ದಾನೆ, ತಿದ್ದೋಣ ಎಂಬ ದನಿ.

"ನಿಂತಿತ್ತಲ್ಲ ಸರ್. ನಮ್ಮೆಜಮಾನ್ರಿಗೆ ನಿಂತಿತ್ತು. ಫೆಲಿಮ್ ಟಿಯರ್ನಿ."

ಕೋಣೆಯೆಲ್ಲ ಹಿಂತಿರುಗಿ ನೋಡಿತು. ಸರ್ ಲಯನೆಲ್ ನಗುತ್ತಲೇ ಅವಳ ಕಡೆ ಸ್ವಲ್ಪ ಬಾಗಿದ. ಕೆಟ್ಟವನಂತೆ ಕಾಣಲಿಲ್ಲ; ಅದೇ ನನ್ನ ಹೊಟ್ಟೆ ಉರಿಸಿದ್ದು.

"ನಿಮಗೆ ಯಾರೋ ತಪ್ಪು ಹೇಳಿರಬೇಕು ತಾಯಿ. ಆರ್ಡೆನ್ ಯಾರಿಗೂ ನಿಲ್ಲಲಿಲ್ಲ."

ಮುದುಕಿಯನ್ನು ಭಾಷಣದ ನಡುವೆ ಹೀಗೆ ಎಬ್ಬಿಸಿದ್ದು ಮೊದಲೇ ಗೊತ್ತುಮಾಡಿದ ತಮಾಷೆ ಎಂದುಕೊಂಡರೋ ಏನೋ, ಜನ ಚಪ್ಪಾಳೆ ತಟ್ಟಿದರು. ಯಾರಿಗೂ ನಿಲ್ಲಲಿಲ್ಲ ಎಂಬ ಮಾತಿಗೆ ಚಪ್ಪಾಳೆ. ವಾದ್ಯದವರು ನುಡಿಸತೊಡಗಿದರು, ಬಡಿಸುವವರು ಐಸ್‌ಕ್ರೀಮ್ ತಂದರು. ಅಮ್ಮ ಇನ್ನೂ ನಿಂತೇ ಇದ್ದಳು. ರಿಮ್ಮರ್ ಎದ್ದು ಅವಳ ಕುರ್ಚಿಯನ್ನು ಮೆಲ್ಲಗೆ ಮುಂದೆ ತಳ್ಳಿ ಕೂರಿಸಿದ. ಆ ಚಪ್ಪಾಳೆಯ ಸದ್ದು ನೆನಪಾದರೆ ನನಗೆ ಇವತ್ತಿಗೂ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆನಿಸುತ್ತದೆ.

ಮರುದಿನ ಬೆಳಿಗ್ಗೆ ಅಮ್ಮ ಬಾರ್ನಿ ಡೂಲನ್ ಮನೆಗೆ ಹೊರಟಳು. ಆರ್ಡೆನ್‌ನ ಕುಲುಮೆಗಳ ಮುಂದೆ ನಿಂತವರಲ್ಲಿ ಬದುಕಿದ್ದವನು ಅವನೊಬ್ಬನೇ. ಕಾನ್ ಸತ್ತು ಯಾವುದೋ ಕಾಲವಾಗಿತ್ತು. ಬಾರ್ನಿ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಅಮ್ಮ ನಿಂತೇ ಕೇಳಿದಳು.

ಅವನು ತುಂಬ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ. ಮೂರನೆಯ ದಿನದ ಮಧ್ಯಾಹ್ನದ ಪಾಳಿ. ಫೆಲಿಮ್ ಬಿದ್ದಾಗ ಅವನ ಕುಲುಮೆಯನ್ನು ತಣ್ಣಗಾಗಲು ಬಿಡಬಾರದೆಂದು ಇನ್ನೊಬ್ಬನನ್ನು ಅವನ ಮೇಲೆ ದಾಟಿಸಿಯೇ ನಿಲ್ಲಿಸಿದರು. ಕ್ಯಾನ್ವಾಸಿನಲ್ಲಿ ಹೊಲಿದು ಕಾಲಿಗೆ ಕುಲುಮೆಯ ಕಬ್ಬಿಣದ ಸರಳು ಕಟ್ಟಿದರು. ಮೇಲಕ್ಕೆ ಹೇಳಿಕಳಿಸಿದ್ದಕ್ಕೆ, ಹಡಗು ನಿಲ್ಲುವುದಿಲ್ಲ, ಮೇಲೆ ತರಬೇಡಿ, ಪ್ರಯಾಣಿಕರು ಊಟಕ್ಕೆ ಕೂತಿದ್ದಾರೆ ಎಂದು ಉತ್ತರ ಬಂತು. ಹಡಗಿನ ಪಕ್ಕದಲ್ಲಿ ಬೂದಿ ಹೊರಹಾಕುವ ಬಾಗಿಲಿತ್ತು. ಅಲ್ಲಿಂದ.

"ಕಾನ್ ಪ್ರಾರ್ಥನೆ ಹೇಳ್ದ ಹನೋರಾ. ಗಂಟಲು ಹರಿಯೋ ಹಂಗೆ ಕೂಗಿ ಹೇಳ್ದ. ಎಂಜಿನ್ ಸದ್ದಲ್ಲಿ ಪಕ್ಕದಲ್ಲಿದ್ದ ನಂಗೇ ಕೇಳ್ಲಿಲ್ಲ."

"ಮತ್ತೆ ನಂಗ್ಯಾಕೆ ಸುಳ್ಳು ಹೇಳಿದ್ರಿ?"

"ಆರು ವರ್ಷದ ಮಗೂನ ಕೈ ಹಿಡ್ಕೊಂಡು ಬಾಗಿಲಿಗೆ ಬಂದ್ಯಂತೆ ನೀನು. ಕಾನ್ ಏನಂತ ಹೇಳ್ಬೇಕಿತ್ತು?"

ಅಮ್ಮ ಅವನಿಗೆ ಬೈಯಲಿಲ್ಲ. ಕಂಬಳಿ ಸರಿಮಾಡಿ ಬಂದಳು. ಮನೆಗೆ ಬಂದು ಆರ್ಡೆನ್‌ನ ಪಟವನ್ನು ಗೋಡೆಯಿಂದ ತೆಗೆದು ಕಲ್ಲಿದ್ದಲ ಬುಟ್ಟಿಯ ಹಿಂದೆ ಇಟ್ಟಳು. ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತು ಉಳಿಯಿತು. ಎರಡು ದಿನ ಏನೂ ಬೇಯಿಸಲಿಲ್ಲ. ನಾನು ಕುರಿಮಾಂಸ, ಆಲೂಗಡ್ಡೆ ಹಾಕಿ ಸ್ಕೌಸ್ ಮಾಡಿದರೆ ಚಮಚ ಅದ್ದಿ ಹಾಗೇ ಬಿಟ್ಟಳು. ತಾನು ನಲವತ್ತಾರು ವರ್ಷ ಹೊಗಳಿದ್ದು ತನ್ನ ಗಂಡನನ್ನು ಬೂದಿಯ ಜೊತೆ ಚೆಲ್ಲಿದವರನ್ನು ಎಂಬುದು ಅವಳಿಗೆ ನುಂಗಲಾಗುತ್ತಿರಲಿಲ್ಲ. ಬೀದಿಯ ಜನಕ್ಕೆಲ್ಲ ಗೊತ್ತಿತ್ತು. ಅವಳು ಜಂಬ ಕೊಚ್ಚುವಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ಕರುಣೆಯಿಂದಲೇ ಇರಬಹುದು, ಆದರೂ ಮುದುಕಿಗೆ ಈಗ ಬೀದಿಗಿಳಿಯಲು ಮುಖವಿರಲಿಲ್ಲ.

ಮೂರನೆಯ ದಿನ, "ಒಂದ್ಸಲ ನಿಲ್ಲಿಸ್ಲಿ" ಎಂದಳು.

ಏನು ಎಂದೆ.

"ಕೊನೇ ಸಲ ಹೋಗ್ತಿದೆಯಲ್ಲ ಬೋಲಂಡ್. ನಡು ಸಮುದ್ರದಲ್ಲಿ ಒಂದ್ಸಲ ನಿಲ್ಲಿಸ್ಲಿ. ನಾನು ನನ್ ಪ್ರಾರ್ಥನೆ ಹೇಳ್ಕೋತೀನಿ. ಇನ್ಮೇಲೆ ಅವರ ಹಡಗೇ ಇರಲ್ಲ, ಇನ್ಯಾರನ್ನ ಕೇಳ್ಲಿ?"

ಆರ್ಡೆನ್‌ನಿಂದ ಅಪ್ಪನನ್ನು ಇಳಿಸಿದ ಜಾಗ ಯಾವುದೆಂದು ಯಾರಿಗೆ ಗೊತ್ತು ಎಂದೆ. ಸಮುದ್ರಕ್ಕೆ ಮನೆ ನಂಬರ್ ಇಲ್ಲ, ಎಲ್ಲಿ ನಿಂತರೂ ಅವನಿಗೆ ಕೇಳುತ್ತದೆ ಎಂದಳು.

ಬಂದರಿನ ಎದುರಿನ ಕಂಪನಿ ಕಚೇರಿಗೆ ಹೋದೆವು. ಅಲ್ಲಿನ ಮೇಲ್ವಿಚಾರಕ ಕ್ರಾಬ್‌ಟ್ರೀ ಎಂಬವನು ನಮ್ಮನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದ. ಅಮ್ಮ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ವೇಳಾಪಟ್ಟಿ ಇದೆ, ನ್ಯೂಯಾರ್ಕ್‌ನಲ್ಲಿ ಹಡಗನ್ನು ದಡಕ್ಕೆ ತರುವ ಎಳೆದೋಣಿಗಳು ಕಾಯುತ್ತಿರುತ್ತವೆ, ಎಣ್ಣೆ ಸುಮ್ಮನೆ ಬರುವುದಿಲ್ಲ ಎಂದೆಲ್ಲ ಹೇಳಿ, ಕೊನೆಗೆ ಮನೆಯವನಂತೆ ಮುಂದೆ ಬಾಗಿದ.

"ಒಬ್ಬರಿಗೆ ನಿಲ್ಲಿಸಿದ್ರೆ ಎಲ್ಲರಿಗೂ ನಿಲ್ಲಿಸಬೇಕಾಗತ್ತೆ, ಮಿಸೆಸ್ ಟಿಯರ್ನಿ."

"ಎಲ್ಲರಿಗೂ ಅಂದ್ರೆ ಎಷ್ಟು ಜನಕ್ಕೆ ಸ್ವಾಮಿ?" ಎಂದು ನಾನು ಕೇಳಿದೆ.

ಅವನು ಚಹಾ ಬಟ್ಟಲು ತಿರುಗಿಸಿದ. ಅವನ ಹಿಂದೆ ಗೋಡೆಯ ತುಂಬ ಸೆಲ್ವಿನ್ ಹಡಗುಗಳ ಪಟಗಳಿದ್ದವು. ಅದುವರೆಗೆ ನಾನು ಅವುಗಳನ್ನು ಹಡಗುಗಳೆಂದೇ ನೋಡಿದ್ದೆ. ಆಗ ನೋಡಿದರೆ ಪ್ರತಿಯೊಂದರ ಪಕ್ಕದಲ್ಲೂ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಬೂದಿಯ ಬಾಗಿಲೇ ಕಾಣುತ್ತಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮೂವತ್ತು ವರ್ಷ ನಿಮ್ಮ ಹಾಸಿಗೆ ಹಾಸಿದ್ದಕ್ಕೆ ನನ್ನ ಕೈ ತೊಳೆದುಕೊಳ್ಳಬೇಕು ಎಂದೆ. ಅವನು ಗಂಟೆ ಒತ್ತಿ ಗುಮಾಸ್ತನನ್ನು ಕರೆದು, ಮಿಸೆಸ್ ಟಿಯರ್ನಿಗೆ ಕೊನೆಯ ಯಾನಕ್ಕೆ ಅಗ್ಗದ ಪ್ರವಾಸಿ ದರ್ಜೆಯಲ್ಲಿ ಕಂಪನಿಯ ಕಾಣಿಕೆಯಾಗಿ ಒಂದು ಟಿಕೆಟ್ ಬರೆಯಿಸಿದ. ಹತ್ತುವಾಗ ಪತ್ರಿಕೆಯವರಿಗೆ ಒಂದು ಫೋಟೊ ಮಾತ್ರ ತೆಗೆಸಿಕೊಡಬೇಕಂತೆ.

ಹರಿದು ಅವನ ಮುಖಕ್ಕೆ ಎಸೆಯುತ್ತಾಳೆಂದುಕೊಂಡೆ. ಅಮ್ಮ ಟಿಕೆಟ್ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೀದಿಗೆ ಬಂದ ಮೇಲೆ ನಾನು ಅವಳ ಮೇಲೂ ಹರಿಹಾಯ್ದೆ. ಭಿಕ್ಷೆ ಬೇಕಿತ್ತಾ ನಿನಗೆ ಎಂದೆ.

"ನಿಲ್ಲಿಸೋದನ್ನ ನೋಡ್ಬೇಕು ಅಂದ್ರೆ ಹಡಗಲ್ಲಿ ಇರ್ಬೇಕಲ್ಲೇ ದಡ್ಡಿ" ಎಂದಳು.

ಹೀಗೆ ಹಡಗಿನವನ ಹೆಂಡತಿ, ಹಡಗಿನವಳ ತಾಯಿ, ಜೀವಮಾನದಲ್ಲಿ ಮೊದಲ ಸಲ ಹಡಗಿನಲ್ಲಿ ಸಮುದ್ರಕ್ಕೆ ಹೊರಟಳು. ಫೋಟೊಗೆ ನಿಂತಳು, ನಗಲಿಲ್ಲ. ನಾನು ಮೇಲಿನ ದರ್ಜೆಯಲ್ಲಿ ಕೆಲಸಕ್ಕಿದ್ದೆ. ಬಿಡುವಾದಾಗಲೆಲ್ಲ ಕೆಳಗಿಳಿದು ಅವಳ ಕೋಣೆಗೆ ಹೋಗುತ್ತಿದ್ದೆ. ಐರ್ಲೆಂಡಿನ ತೀರ ಕಣ್ಮರೆಯಾದ ಮೇಲೆ ಅವಳು ಹಿಂಬದಿಯ ಕೆಳಗಿನ ಡೆಕ್ಕಿನಲ್ಲಿ, ಪ್ರವಾಸಿ ದರ್ಜೆಯವರಿಗೆಂದು ಬಿಟ್ಟಿದ್ದ ಚೂರು ಜಾಗದಲ್ಲಿ, ಬೆಂಚಿನ ಮೇಲೆ ಕೋಟು ಬಿಗಿದುಕೊಂಡು ಕೂತಿರುತ್ತಿದ್ದಳು. ಎಂಜಿನ್ ಸದ್ದನ್ನೇ ಕೇಳುತ್ತಿದ್ದಳು. ಕ್ಯಾಪ್ಟನ್ ಪ್ರಿಚರ್ಡ್‌ರನ್ನು ನಾನೇ ಹೋಗಿ ಕೇಳಿದೆ. ವೇಲ್ಸ್‌ನ ಸಂಭಾವಿತ ಮನುಷ್ಯ, ಚರ್ಚಿಗೆ ಹೋಗುವವರು. ಮುಖ ಸಣ್ಣದು ಮಾಡಿಕೊಂಡು, ಯಜಮಾನರು ಸರ್ ಲಯನೆಲ್ಲೇ ಹಡಗಿನಲ್ಲಿದ್ದಾರೆ ಡೀಲಿಯಾ, ಅವರ ಮಾತು ಮೀರಲಾರೆ ಎಂದರು.

ಮೂರನೆಯ ದಿನ ಬೆಳಗಿನ ಚಹಾ ಹೊತ್ತು ಕಾರಿಡಾರಿನಲ್ಲಿ ಹೋಗುತ್ತಿದ್ದೆ. ಕಾಲ ಕೆಳಗಿನ ನಡುಕ ಕಡಿಮೆಯಾಗಿ ನಿಂತೇಹೋಯಿತು. ಮೂವತ್ತು ವರ್ಷ ಆ ನಡುಕದ ಮೇಲೆ ನಡೆದವಳು ನಾನು. ತಟ್ಟೆ ಅಲ್ಲೇ ಇಟ್ಟು ಓಡಿದೆ. ಕ್ಯಾಪ್ಟನ್ ಮನಸ್ಸು ಕರಗಿತೆಂದು ತಿಳಿದು ಕಣ್ಣಲ್ಲಿ ನೀರು ಬಂದಿತ್ತು. ಮೇಲಿನ ಡೆಕ್ಕಿಗೆ ಬಂದು ನೋಡಿದರೆ ಸರ್ ಲಯನೆಲ್ ಕಪ್ಪು ಕೋಟಿನಲ್ಲಿ, ಕೈಯಲ್ಲಿ ಬಂಡಿಚಕ್ರದಷ್ಟು ದೊಡ್ಡ ಹೂಮಾಲೆ. ಸುತ್ತ ತುಪ್ಪುಳದ ಕೋಟಿನ ಹೆಂಗಸರು, ಸಿನಿಮಾ ಕ್ಯಾಮೆರಾದವರು. ನೂರು ವರ್ಷ ಈ ಸಾಗರವನ್ನು ಆಳಿದ ಸೆಲ್ವಿನ್ ಲೈನ್‌ನ ನೆನಪಿಗೆ ಎಂದು ಹೇಳಿ ಹೂಮಾಲೆಯನ್ನು ನೀರಿಗೆ ಬಿಟ್ಟ. ಗಾಳಿಗೆ ಅದು ಹಡಗಿಗೇ ಅಂಟಿಕೊಂಡಿತೆಂದು, ಕ್ಯಾಮೆರಾದವರಿಗೆ ಚೆನ್ನಾಗಿ ಬರಲಿಲ್ಲವೆಂದು, ಇನ್ನೊಂದನ್ನು ತರಿಸಿ ಮತ್ತೆ ಬಿಡಿಸಿದರು. ಅಷ್ಟು ಹೊತ್ತೂ ಹಡಗು ನಿಂತಿತ್ತು. ವೇಳಾಪಟ್ಟಿ ಎಲ್ಲಿ ಹೋಗಿತ್ತು, ನ್ಯೂಯಾರ್ಕ್‌ನ ಎಳೆದೋಣಿಗಳು ಎಲ್ಲಿ ಹೋಗಿದ್ದವು, ಎಣ್ಣೆಯ ಬೆಲೆ ಎಲ್ಲಿ ಹೋಗಿತ್ತು, ಕ್ರಾಬ್‌ಟ್ರೀಯನ್ನೇ ಕೇಳಬೇಕು. ಮನುಷ್ಯನಿಗೆ ನಿಲ್ಲದ ಹಡಗು ಕಂಪನಿಯ ಹೆಸರಿಗೆ ನಿಂತಿತು.

ಕೆಳಗೆ ಅಮ್ಮನ ಹತ್ತಿರ ಓಡಿದೆ. ನಡುವಿನ ಕಬ್ಬಿಣದ ಗೇಟಿಗೆ ಬೀಗ ಹಾಕಿದ್ದರು, ಕೆಳಗಿನ ದರ್ಜೆಯವರು ಮೇಲೆ ನುಗ್ಗಿ ಚಿತ್ರ ಕೆಡಿಸಬಾರದೆಂದು. ಸುತ್ತು ಬಳಸಿ ಹೋಗಬೇಕಾಯಿತು. ಅವಳು ಬೆಂಚಿನ ಮೇಲೆ ಕೂತೇ ಇದ್ದಳು, ಕೈಗಳು ಕೋಟಿನ ಜೇಬಿನಲ್ಲಿ. ನಿಂತಿದೆಯಲ್ಲ ಅಮ್ಮ, ಯಾಕಾದರೂ ನಿಲ್ಲಲಿ, ಈಗ ಹೇಳಿಕೊಂಡುಬಿಡು ಎಂದೆ.

"ಇದು ಅವರ ಸೂತಕ. ನನ್ ಗಂಡ ಅವರು ಎಸೆದ ಹೂವಿನ ಕೆಳಗೆ ಯಾಕೆ ಮಲಗ್ಬೇಕು? ನಾ ಒಲ್ಲೆ" ಎಂದಳು.

ನಡುಕ ಮತ್ತೆ ಶುರುವಾಯಿತು. ಹಡಗು ಹೊರಟಿತು. ಅಮ್ಮನ ಮುಖ ನೋಡಲಾಗಲಿಲ್ಲ. ಅಳುತ್ತಿರಲಿಲ್ಲ; ಬಂದ ದಾರಿಗೆ ಸುಂಕವಿಲ್ಲವೆಂದು ತಿಳಿದವರ ಮುಖ.

ನಾನು ಎಂಜಿನ್ ಕೋಣೆಗೆ ಇಳಿದೆ. ಪರಿಚಾರಕಿಯರು ಅಲ್ಲಿಗೆ ಕಾಲಿಡಬಾರದು, ಮೂವತ್ತು ವರ್ಷದಲ್ಲಿ ನಾನು ಇಟ್ಟಿರಲೂ ಇಲ್ಲ. ಕಬ್ಬಿಣದ ಏಣಿ ಇಳಿದಷ್ಟೂ ಸೆಕೆ. ಈಗ ಕಲ್ಲಿದ್ದಲಿಲ್ಲ, ಎಣ್ಣೆ. ಆದರೂ ನಮ್ಮಪ್ಪ ಇದರಲ್ಲಿ ದಿನ ಕಳೆದನೇ ಎನಿಸಿತು. ಆಲ್ಬಿ ರಿಮ್ಮರ್ ಮಾಪಕಗಳ ಹಲಗೆಯ ಮುಂದೆ ನಿಂತು ಮುಳ್ಳುಗಳನ್ನು ನೋಡುತ್ತಿದ್ದ. ನಾನು ಕಿವಿಗೆ ಬಾಯಿಟ್ಟು ಕೂಗಿದೆ. ಬಾರ್ನಿ ಹೇಳಿದ್ದು, ಹೂಮಾಲೆಯ ಕಥೆ, ಗೇಟಿನ ಬೀಗ, ಅಮ್ಮ ಅಂದದ್ದು, ಎಲ್ಲ. ಅವನಿಗೆ ಔತಣದ ಚಪ್ಪಾಳೆ ನೆನಪಿತ್ತು. 

ಪ್ರೊಪೆಲರಿನ ದಪ್ಪ ಉಕ್ಕಿನ ದಂಡ ತಿರುಗುವ ಕಡೆಗೆ ನನ್ನನ್ನು ಕರೆದುಕೊಂಡು ಹೋದ. ಆ ದಂಡವನ್ನು ಹೊತ್ತ ಬೇರಿಂಗಿನ ಮೇಲೆ ಅಂಗೈ ಇಟ್ಟ. ನನ್ನ ಕೈಯನ್ನೂ ಹಿಡಿದು ಇಡಿಸಿದ. ಉಗುರುಬೆಚ್ಚಗಿತ್ತು ಅಷ್ಟೆ.

"ಬಿಸಿ ಅಲ್ವಾ?" ಎಂದ.

ನನಗೆ ಅರ್ಥವಾಗಲಿಲ್ಲ. ಇಲ್ಲವಲ್ಲ ಎಂದೆ.

"ಸುಡ್ತಿದೆ ಕಣೇ ಡೀಲಿಯಾ. ಬೊಬ್ಬೆ ಬರೋ ಹಂಗೆ ಸುಡ್ತಿದೆ. ಬೇರಿಂಗ್ ಬಿಸಿಯಾಗಿದೆ ಅಂತ ಚೀಫ್ ಹೇಳಿದ್ರೆ ಕ್ಯಾಪ್ಟನ್ನೂ ನಡೆಸು ಅನ್ನೋ ಹಾಗಿಲ್ಲ, ಲಯನೆಲ್‌ನ ಅಪ್ಪ ಎದ್ದು ಬಂದ್ರೂ ಅನ್ನೋ ಹಾಗಿಲ್ಲ."

ನಿನ್ನನ್ನು ಕೆಲಸದಿಂದ ತೆಗೆಯುತ್ತಾರಲ್ಲ ಎಂದೆ.

"ಯಾವ ಕೆಲಸದಿಂದ? ಬರೋ ತಿಂಗಳು ಹಡಗೇ ಗುಜರಿಗೆ ಹೋಗ್ತಿದೆ. ಮಧ್ಯಾಹ್ನದ ಪಾಳಿ ಅಂದ್ನಲ್ಲ ಬಾರ್ನಿ? ನೀನು ಹೋಗಿ ಅಮ್ಮನ ಪಕ್ಕ ಕೂತ್ಕೋ."

ಮಧ್ಯಾಹ್ನ, ಮೇಲಿನವರು ಊಟಕ್ಕೆ ಕೂತು ಸೂಪು ಬಡಿಸಿದ ಹೊತ್ತಿಗೆ, ಬೋಲಂಡ್ ನಿಂತಿತು. ಬೆಳಗಿನ ಹಾಗೆ ಮೆಲ್ಲಗಲ್ಲ. ಒಂದು ದೀರ್ಘ ಅದುರು, ಆಮೇಲೆ ಸದ್ದೇ ಇಲ್ಲ. ಹಡಗಿನ ಪಕ್ಕಕ್ಕೆ ನೀರು ಬಡಿಯುವುದು ಕೇಳಿಸಿತು. ನಾನು ಅಮ್ಮನಿಗೆ, ಇದು ಅಪ್ಪನಿಗೆ ಎಂದೆ, ಇನ್ನು ಯಾರಿಗೂ ಅಲ್ಲ ಎಂದೆ. ಅವಳು ನನ್ನನ್ನು ನೋಡಿದಳು. ಎದ್ದು ಕಟಕಟೆಯ ಹತ್ತಿರ ಹೋಗಿ ಜೇಬಿನಿಂದ ಜಪಸರ ತೆಗೆದಳು.

ಕೆಳಗಿನ ಬಾಗಿಲುಗಳಿಂದ ಎಂಜಿನ್‌ನ ಹುಡುಗರು, ಎಣ್ಣೆ ಹಾಕುವವರು, ಅಡುಗೆಯವರು ಒಬ್ಬೊಬ್ಬರೇ ಹೊರಬಂದು ಟೋಪಿ ತೆಗೆದು ನಿಂತರು. ಯಾರು ಹೇಳಿಕಳಿಸಿದರೋ ತಿಳಿಯದು. ಪ್ರವಾಸಿ ದರ್ಜೆಯವರೂ ಬೆಂಚುಗಳಿಂದ ಎದ್ದರು. ಆಲ್ಬಿ ರಿಮ್ಮರ್ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತ. ಅಮ್ಮ ದೊಡ್ಡ ದನಿಯಲ್ಲಿ ಶುರುಮಾಡಿದಳು. ಎಂಜಿನ್‌ನ ಸದ್ದಿಲ್ಲದ್ದರಿಂದ ಒಂದೊಂದು ಅಕ್ಷರವೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಮೇಲಿನ ಕಟಕಟೆಯಲ್ಲಿ ಸರ್ ಲಯನೆಲ್ ಕಾಣಿಸಿಕೊಂಡ, ಕೊರಳಲ್ಲಿ ಊಟದ ಬಟ್ಟೆ ಹಾಗೇ ಇತ್ತು. ಏನಾಗಿದೆ ಅಲ್ಲಿ ಎಂದು ಕೇಳಿದ. ನಾನು ಗೇಟಿನ ಈಚೆಗೆ ಬಂದು ನಿಂತೆ. ಗೇಟಿಗೆ ಅವನೇ ಹಾಕಿಸಿದ ಬೀಗ ಇನ್ನೂ ಇತ್ತು.

"ಒಂದು ಸಾವಾಗಿದೆ ಸರ್. ಟೋಪಿ ಇದ್ರೆ ತೆಗೀರಿ, ಇಲ್ದಿದ್ರೆ ಸುಮ್ನೆ ನಿಂತ್ಕೊಳ್ಳಿ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವನ ಹಿಂದೆ ಕ್ಯಾಪ್ಟನ್ ಪ್ರಿಚರ್ಡ್ ಬಂದರು. ಕೆಳಗೆ ನೋಡಿದರು, ಎಂಜಿನ್‌ನ ಹುಡುಗರನ್ನು ನೋಡಿದರು, ರಿಮ್ಮರ್‌ನನ್ನು ನೋಡಿದರು. ಏನೂ ಕೇಳದೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಸರ್ ಲಯನೆಲ್ ಒಬ್ಬನೇ ಊಟದ ಬಟ್ಟೆ ಹಿಡಿದುಕೊಂಡು ಅತ್ತಿತ್ತ ನೋಡುತ್ತ ಉಳಿದ.

ಅಮ್ಮ ದಿನಾ ಜಪಸರದ ಒಂದು ಸುತ್ತು ಹೇಳುವವಳು. ಒಂದು ಸುತ್ತು ಮುಗಿಯಿತು. ಮುಗಿಯಿತೆಂದು ಮೇಲಿನವರು ಚಲಿಸಿದರು, ಯಾರೋ ಕೆಮ್ಮಿದರು. ಒಬ್ಬ ಅಧಿಕಾರಿ ಏಣಿಯಿಳಿದು ಬಂದು, ಯಜಮಾನರು ಕೇಳುತ್ತಿದ್ದಾರೆ, ಬೇರಿಂಗ್ ತಣ್ಣಗಾಗಲು ಇನ್ನೆಷ್ಟು ಹೊತ್ತು ಬೇಕು ಎಂದು ರಿಮ್ಮರ್‌ನ ಕಿವಿಯಲ್ಲಿ ಕೇಳಿದ. ರಿಮ್ಮರ್ ಗಲ್ಲದಿಂದಲೇ ಅಮ್ಮನ ಬೆನ್ನು ತೋರಿಸಿದ.

ಅಮ್ಮನಿಗೆ ಕೇಳಿಸಿತ್ತು. ಹಿಂತಿರುಗಲಿಲ್ಲ.

"ಇನ್ನೂ ಆಗಿಲ್ಲ" ಎಂದಳು. "ನಲವತ್ತಾರು ವರ್ಷ ಓಡ್ತಾನೇ ಇದ್ರಲ್ಲ. ಕೂತ್ಕೊಳ್ಳಕ್ಕೆ ಹೇಳು."

ಬೆರಳನ್ನು ಮತ್ತೆ ಮೊದಲ ಮಣಿಗೆ ತಂದು ಎರಡನೆಯ ಸುತ್ತು ಶುರುಮಾಡಿದಳು. ಅವಸರವಿಲ್ಲದೆ, ಒಂದು ಪದವನ್ನೂ ನುಂಗದೆ, ಮೂರನೆಯದನ್ನೂ ಹೇಳಿದಳು. ಮೇಲೆ ಸೂಪು ಆರಿತು, ಮಾಂಸ ಆರಿತು. ಸುತ್ತು ಮುಗಿಸಿ ಶಿಲುಬೆಗೆ ಮುತ್ತಿಟ್ಟು, ನೀರನ್ನು ಒಮ್ಮೆ ನೋಡಿ, ಜಪಸರವನ್ನು ಜೇಬಿಗೆ ಹಾಕಿಕೊಂಡಳು.

"ಹೋಗ್ಬಹುದು ಅನ್ನು ಅವರಿಗೆ" ಎಂದಳು.